ಯಾವ ಮಗುವನ್ನು ಕಳುಹಿಸೋಣ?

ಪಶ್ಚಿಮ ಆಫ್ರಿಕದ ಮಾಂಡಿಂಗ್ ಜನರ ಮಹಾಕಥೆಯ ನಾಯಕನಾದ ಸುಂಜಾಟನು ಏಳನೆಯ ವಯಸ್ಸಿನವರೆಗೆ ನಡೆಯಲಾರದ ಮಗುವಾಗಿದ್ದನು. ಓರಗೆಯ ಹುಡುಗರು ಹೊಲ ಕಾಡುಗಳಲ್ಲಿ ಓಡಾಡುತ್ತಿದ್ದಾಗ ಅವನು ತಾಯಿಯ ಗುಡಿಸಲಿನ ಸುತ್ತ ಕೈಯೂರಿ ತೆವಳುತ್ತಿದ್ದನು. ಹದಿಮೂರನೆಯ ಶತಮಾನದಲ್ಲಿ ಮಾಲಿ ಸಾಮ್ರಾಜ್ಯವನ್ನು ಕಟ್ಟಿದ ಅರಸನ ಬಾಲ್ಯವನ್ನು ಆ ನಾಡಿನ ಕುಲಗಾಯಕರಾದ ಗ್ರಿಯೋಗಳು ತಲೆಮಾರುಗಳಿಂದ ಹೀಗೆಯೇ ಹೇಳಿಕೊಂಡು ಬಂದಿದ್ದಾರೆ. ಗಿನಿ ದೇಶದ ಇತಿಹಾಸಕಾರ ಜಿಬ್ರಿಲ್ ತಮ್ಸೀರ್ ನಿಯಾನ್ ಅವರು ಮಮುದು ಕುಯಾಟೆ ಎಂಬ ಗ್ರಿಯೋನ ಬಾಯಿಂದ ಕೇಳಿ, ೧೯೬೦ರಲ್ಲಿ ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದ ಪಾಠದಿಂದ ಈ ಕಥೆ ಹೊರಗಿನ ಸಾಹಿತ್ಯಪ್ರಿಯರಿಗೆ ಪರಿಚಿತವಾಯಿತು.

ಒಂದು ದಿನ ತಾಯಿ ಸೊಗೊಲೊನಳಿಗೆ ಅಡಿಗೆಗೆ ಸೊಪ್ಪು ಸಾಲದೆ ಬಂತು. ಬೇಕಾಗಿದ್ದುದು ದೊಡ್ಡಹುಣಸೆಯ ಸೊಪ್ಪು. (ನಮ್ಮ ಸವಣೂರಿನಲ್ಲಿ ಆನೆಯಂಥ ಬೊಡ್ಡೆಯ ಆ ಮುದಿಮರಗಳನ್ನು ಕಂಡವರಿಗೆ ಅದರ ಪರಿಚಯ ಬೇಡ, ಆ ಜಾತಿಯ ಮರದ ತವರು ಆಫ್ರಿಕವೇ.) ಅವಳು ಸವತಿ ಸಾಸುಮಾಳ ಬಳಿಗೆ ಹೋಗಿ ಕೇಳಿದಳು. ಸಾಸುಮಾ ಕೊಡದೆ ಇರಲಿಲ್ಲ. ತನ್ನ ಸೋರೆಬುರುಡೆಯಲ್ಲಿ ಸೊಪ್ಪು ಯಾವಾಗಲೂ ತುಂಬಿರುತ್ತದೆ, ತನ್ನ ಮಗ ಏಳು ವರ್ಷಕ್ಕೇ ನಡೆದು ಹೋಗಿ ಕೊಯ್ದು ತರುತ್ತಿದ್ದ, ನಿನ್ನ ಮಗನ ಕೈಲಾಗದು, ನನ್ನದರಲ್ಲೇ ತೆಗೆದುಕೊಂಡು ಹೋಗು ಎಂದು ನಕ್ಕು ಕೊಟ್ಟಳು. ಸೊಗೊಲೊನ್ ಮನೆಗೆ ಬಂದು, ಉಕ್ಕಿಬಂದ ದುಃಖದಲ್ಲಿ ಕೈಗೆ ಸಿಕ್ಕ ಕಟ್ಟಿಗೆಯಿಂದ ಮಗನನ್ನು ಹೊಡೆದಳು. ಮಗ ಕಮ್ಮಾರರಿಂದ ಕಬ್ಬಿಣದ ಸಲಾಕೆಯನ್ನು ತರಿಸಿದನು. ಅದನ್ನು ಊರಿ ಎದ್ದು ನಿಂತಾಗ ಸಲಾಕೆ ಬಿಲ್ಲಿನಂತೆ ಬಾಗಿತು. ನಡೆದು ಹೋಗಿ ಮರವನ್ನೇ ಬೇರುಸಹಿತ ಕಿತ್ತು ತಾಯಿಯ ಬಾಗಿಲಲ್ಲಿ ತಂದು ಹಾಕಿದನು. ಅಂದಿನಿಂದ ಊರ ಹೆಂಗಸರೆಲ್ಲ ಸೊಪ್ಪಿಗಾಗಿ ಸೊಗೊಲೊನಳ ಬಾಗಿಲಿಗೆ ಬರತೊಡಗಿದರು.

ಕಥೆ ಹೇಳುವವರೆಲ್ಲ ಮರ ಕಿತ್ತ ಅದ್ಭುತವನ್ನು ಹಿಗ್ಗಿ ಹೇಳುತ್ತಾರೆ. ನನ್ನ ಮನಸ್ಸು ಮಾತ್ರ ಅದಕ್ಕೆ ಮುಂಚಿನ ಸೊಪ್ಪಿನ ಮಾತಿನಲ್ಲಿ ನಿಲ್ಲುತ್ತದೆ. ಸಾಸುಮಾ ಹಂಗಿಸಿದ್ದು ಆ ಮಗುವಿನ ಕಾಲನ್ನಲ್ಲ. ತಾಯಿ ಒಂದು ಕೆಲಸಕ್ಕೆ ಕಳುಹಿಸಲಾರದ ಮಗ ಎಂಬುದೇ ಹಂಗಿಕೆಯ ತಿರುಳು. ಮರ ಕಿತ್ತವನೂ ಮೊದಲು ಮಾಡಿದ್ದು ತಾಯಿಗೆ ಸೊಪ್ಪು ತಂದುಕೊಟ್ಟ ಕೆಲಸವನ್ನೇ.

ಇದು ಕವಿಯ ಕಲ್ಪನೆಯೊಂದೇ ಅಲ್ಲ. ಮಾಲಿಯಿಂದ ಸಾವಿರಾರು ಮೈಲಿ ದೂರದಲ್ಲಿ, ಭಾಷೆ ಕುಲ ಎರಡೂ ಬೇರೆಯಾದ ಝಾಂಬಿಯಾ ದೇಶದ ಪೂರ್ವ ಪ್ರಾಂತದಲ್ಲಿ, ಮನಶ್ಶಾಸ್ತ್ರಜ್ಞ ರಾಬರ್ಟ್ ಸರ್ಪೆಲ್ ಅವರು ಕಟೇಟೆ ಜಿಲ್ಲೆಯ ಚೇವಾ ಜನರ ಹಳ್ಳಿಗಳಲ್ಲಿ ೧೯೭೦ರ ದಶಕದಿಂದ ಅನೇಕ ವರ್ಷ ಅಭ್ಯಾಸ ನಡೆಸಿದರು. ಹಳ್ಳಿಯವರ ದೃಷ್ಟಿಯಲ್ಲಿ ಬುದ್ಧಿವಂತ ಮಗು ಯಾವುದು ಎಂದು ಅವರು ತಿಳಿಯಬೇಕಾಗಿತ್ತು. ಆದರೆ ಹಾಗೆ ನೇರವಾಗಿ ಕೇಳಲಿಲ್ಲ. ಒಂದು ಮನೆಗೆ ಬೆಂಕಿ ಬಿದ್ದಿದೆ, ಹತ್ತಿರ ಈ ಮಕ್ಕಳು ಮಾತ್ರ ಇದ್ದಾರೆ, ಸಹಾಯಕ್ಕೆ ಜನರನ್ನು ಕರೆತರಲು ಇವರಲ್ಲಿ ಯಾವ ಮಗುವನ್ನು ಕಳುಹಿಸುವಿರಿ, ಏಕೆ? ಇಂಥ ಪ್ರಶ್ನೆಗಳನ್ನು ಹಿರಿಯರ ಮುಂದಿಟ್ಟರು. ಬಂದ ಉತ್ತರಗಳಲ್ಲಿ ಮತ್ತೆ ಮತ್ತೆ ಕೇಳಿಬಂದ ಮಾತು ‘ನ್ಜೇಲು’. ನಾವು ಬುದ್ಧಿ ಎಂದು ಅನುವಾದಿಸಬಹುದಾದರೂ ಅದು ಬರಿಯ ಚುರುಕುತನವಲ್ಲ. ಚುರುಕುತನಕ್ಕೆ ‘ಚೆಂಜೆಲ’ ಎಂಬ ಬೇರೆ ಮಾತಿದೆ. ಅದರ ಜೊತೆಗೆ ‘ತುಮಿಕಿಲ’ವೂ ಕೂಡಬೇಕು. ‘ತುಮ’ ಎಂದರೆ ಕಳುಹಿಸು. ತುಮಿಕಿಲ ಎಂದರೆ ಕಳುಹಿಸಿದಾಗ ನಂಬಿಕೆಗೆ ತಕ್ಕಂತೆ ಹೋಗಿಬರುವ ಗುಣ. ಹೀಗೆ ಹಿರಿಯರು ಆರಿಸಿದ ಮಕ್ಕಳಿಗೂ ಬುದ್ಧಿಪರೀಕ್ಷೆಗಳಲ್ಲಿ ಹೆಚ್ಚು ಅಂಕ ಪಡೆದ ಮಕ್ಕಳಿಗೂ ಹೆಚ್ಚಿನ ಸಂಬಂಧ ಕಾಣಲಿಲ್ಲವೆಂಬುದು ಉಪಾಧ್ಯಾಯರು ಗಮನಿಸತಕ್ಕ ಸಂಗತಿ. ಇದೇ ಸರ್ಪೆಲ್ ಅವರು ಝಾಂಬಿಯಾದ ಮಕ್ಕಳನ್ನೂ ಇಂಗ್ಲೆಂಡಿನ ಮಕ್ಕಳನ್ನೂ ಹೋಲಿಸಿ ೧೯೭೯ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಸೀಸದಕಡ್ಡಿಯಿಂದ ಕಾಗದದ ಮೇಲೆ ಬರೆಯುವಾಗ ಇಂಗ್ಲೆಂಡಿನ ಮಕ್ಕಳು ಮುಂದಾದರು. ತಂತಿಯನ್ನು ಬಾಗಿಸಿ ಆಕೃತಿ ಮಾಡುವಾಗ ಝಾಂಬಿಯಾದ ಮಕ್ಕಳು ಮುಂದಾದರು. ಮಣ್ಣಿನ ಮುದ್ದೆಯಲ್ಲಿ ಇಬ್ಬರೂ ಸರಿಸಮ. ತಂತಿಯಲ್ಲಿ ಆಟದ ಬಂಡಿ ಮಾಡಿ ಬೆಳೆದ ಕೈ ಅದು.

ಕ್ಯಾಮರೂನಿನ ನ್ಸೊ ಜನಾಂಗದಲ್ಲಿ ಹುಟ್ಟಿದ ವಿದ್ವಾಂಸ ಬಾಮೆ ನ್ಸಮೆನಂಗ್ ಅವರೂ ೧೯೯೨ರ ತಮ್ಮ ಗ್ರಂಥದಲ್ಲಿ ಇದೇ ದಿಕ್ಕಿನಲ್ಲಿ ಬರೆದರು. ಬಾಲ್ಯದ ಹಂತಗಳನ್ನು ತಿಂಗಳು ವರ್ಷಗಳ ಎಣಿಕೆಗಿಂತ ಹೆಚ್ಚಾಗಿ, ಮಗು ಮನೆಯ ಯಾವ ಹೊಣೆಯನ್ನು ಹೊರುತ್ತದೆ ಎಂಬುದರಿಂದ ಅವರು ಗುರುತಿಸುತ್ತಾರೆ.

ಈ ಅಳತೆಗೋಲಿನಲ್ಲಿ ಅಂಗವೈಕಲ್ಯದ ಮಗುವಿನ ಗತಿ ಏನು? ಕಾಲಿಲ್ಲದ ಹುಡುಗಿ ಕುಳಿತಲ್ಲೇ ಕಡಲೆಕಾಯಿ ಸುಲಿಯಬಲ್ಲಳು, ತಂಗಿಯನ್ನು ಮಡಿಲಲ್ಲಿ ಹಾಕಿಕೊಂಡು ಆಡಿಸಬಲ್ಲಳು. ಕಿವಿ ಕೇಳದ ಹುಡುಗ ಆಡು ಮೇಯಿಸಿಕೊಂಡು ಬರಬಲ್ಲನು. ಇವರು ವರ್ತುಲದ ಒಳಗೆ ಇದ್ದಾರೆ. ಅವರ ಊನ ಯಾರ ಮನಸ್ಸಿನಲ್ಲೂ ದೊಡ್ಡದಾಗಿ ನಿಲ್ಲುವುದಿಲ್ಲ. ಆಸ್ಪತ್ರೆಯ ದಾಖಲೆ ಇವರನ್ನು ವಿಕಲರೆಂದು ಬರೆಯುವಲ್ಲಿ ಹಳ್ಳಿ ಬರೆಯುವುದಿಲ್ಲ. ಆದರೆ ಕುತ್ತಿಗೆ ನಿಲ್ಲದ, ಕೈ ಹಿಡಿತಕ್ಕೆ ಬಾರದ, ಎಲ್ಲಿಗೂ ಕಳುಹಿಸಲಾಗದ, ಒಂಟಿಯಾಗಿ ಬಿಡಲೂ ಆಗದ ಮಗುವಿದೆಯಲ್ಲ, ಅದರ ವಿಷಯದಲ್ಲಿ ಹಳ್ಳಿಯ ಪ್ರಶ್ನೆ ಕಠಿನವಾಗುತ್ತದೆ. ಮೊದಲ ಎರಡು ಮೂರು ವರ್ಷ ಎಲ್ಲ ಮಕ್ಕಳೂ ಬೆನ್ನಿನ ಮೇಲೆಯೇ ಇರುವುದರಿಂದ ಭೇದ ತೋರುವುದಿಲ್ಲ. ಬೆನ್ನಿನಿಂದ ಇಳಿಯಬೇಕಾದ ದಿನ ಬಂದಾಗಲೇ ಅದು ತಿಳಿಯುತ್ತದೆ.

ಆ ದಿನ ಬರುವ ಮುಂಚೆಯೇ ಕೆಲವು ಸಮಾಜಗಳು ಮಗುವಿಗೆ ಒಂದು ಹೆಸರು ಕೊಟ್ಟಿರುತ್ತವೆ. ಹೆಸರೆಂದರೆ ಮನೆಯಲ್ಲಿ ಕೂಗುವ ಹೆಸರಲ್ಲ, ವರ್ಗದ ಹೆಸರು. ಕಾಂಗೋ ದೇಶದ ಕಸಾಯಿ ಸೀಮೆಯ ಸೊಂಗ್ಯೆ ಜನರ ನಡುವೆ ಇದ್ದು ಬರೆದ ಪ್ಯಾಟ್ರಿಕ್ ಡೆವ್ಲೀಗರ್ ಅವರು, ಸಾಮಾನ್ಯರಿಗಿಂತ ಬೇರೆಯಾಗಿ ಹುಟ್ಟಿದ ಮಕ್ಕಳನ್ನು ಆ ಜನ ಮೂರು ಬಗೆಯಾಗಿ ಕಾಣುತ್ತಾರೆಂದು ತಿಳಿಸುತ್ತಾರೆ. ಅವಳಿಗಳು, ಕಾಲು ಮುಂದಾಗಿ ಹುಟ್ಟಿದವರು, ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡು ಬಂದವರು ‘ಮಿಶಿಂಗ’, ಅಂದರೆ ವಿಧಿಪೂರ್ವಕವಾಗಿ ಬರಮಾಡಿಕೊಳ್ಳಬೇಕಾದ ವಿಶೇಷ ಮಕ್ಕಳು. ಬಿಳಿಚರ್ಮದವರು, ಕುಬ್ಜರು, ತಲೆಯಲ್ಲಿ ನೀರು ತುಂಬಿದವರು ‘ಮಾಲ್ವ’, ಕೆಟ್ಟ ಮಕ್ಕಳು. ಬೇರೊಂದು ಲೋಕದಿಂದ ಬಂದು ಅಲ್ಲಿಗೇ ಹಿಂತಿರುಗುವವರೆಂದು ಭಾವನೆ. ಕೈಕಾಲು ಸೊಟ್ಟಗಾದವರು ‘ಬಿಲೇಮ’, ದೋಷವುಳ್ಳವರು. ಈ ಮೂರನೆಯ ವರ್ಗದ ವಿಷಯದಲ್ಲಿ ಜನ ಕೇಳುವ ಪ್ರಶ್ನೆ, ಮಗುವನ್ನು ಹೇಗೆ ಗುಣಪಡಿಸೋಣ ಎಂಬುದಲ್ಲ. ಯಾರ ಯಾರ ಸಂಬಂಧದಲ್ಲಿ ಏನು ಕೆಟ್ಟಿತು ಎಂಬುದು. ವಧುದಕ್ಷಿಣೆ ಸರಿಯಾಗಿ ಸಂದಿತೇ, ಹಿರಿಯರ ಉತ್ತರಕ್ರಿಯೆ ಸರಿಯಾಗಿ ನಡೆಯಿತೇ ಎಂದು ಹುಡುಕುತ್ತಾರೆ. ದೋಷ ಮಗುವಿನದಲ್ಲ, ಮನೆತನದ್ದು. ಮಗುವನ್ನು ಸಾಕುತ್ತಾರೆ, ಮದುವೆಗೂ ಅಡ್ಡಿಯಿಲ್ಲ. ವೈದ್ಯನಿಗೆ ಇದು ಅಜ್ಞಾನವೆಂದು ತೋರಬಹುದು. ಮಗುವನ್ನು ಹಳಿಯದ ಅಜ್ಞಾನ ಎಂಬುದನ್ನಾದರೂ ಅವನು ಒಪ್ಪಬೇಕು.

ಸೊಂಗ್ಯೆಯ ‘ಬಿಲೇಮ’ಕ್ಕೆ ಪೂರ್ವ ಆಫ್ರಿಕದ ಸ್ವಾಹಿಲಿಯಲ್ಲಿ ಒಂದು ಬಂಧುಪದವಿದೆ, ‘ಕಿಲೇಮ’. ವ್ಯಾಕರಣದಲ್ಲಿ ರುಚಿಯಿರುವ ವಾಚಕರು ಇಲ್ಲಿ ಸ್ವಲ್ಪ ನಿಲ್ಲಬೇಕು. ಸ್ವಾಹಿಲಿಯಲ್ಲಿ ನಾಮಪದದ ತಲೆಯಲ್ಲಿರುವ ಅಕ್ಷರವೇ ಅದರ ವರ್ಗವನ್ನು ಹೇಳುತ್ತದೆ. ಮನುಷ್ಯ ‘ಮ್ಟು’, ಮಗು ‘ಮ್ಟೋಟೊ’, ಇವು ಮನುಷ್ಯವರ್ಗ. ವಸ್ತು ‘ಕಿಟು’, ಕುರ್ಚಿ ‘ಕಿಟಿ’, ಪುಸ್ತಕ ‘ಕಿಟಾಬು’, ಇವು ವಸ್ತುವರ್ಗ. (ಅರಬ್ಬಿಯಿಂದ ಬಂದ ಕಿತಾಬಿನ ‘ಕಿ’ಯನ್ನೂ ಆ ಭಾಷೆ ತನ್ನ ಪ್ರತ್ಯಯವೆಂದೇ ತಿಳಿದು, ಬಹುವಚನದಲ್ಲಿ ‘ವಿಟಾಬು’ ಎಂದುಬಿಟ್ಟಿತು!) ಈಗ ಕುರುಡನಿಗೆ ಆ ಭಾಷೆ ಏನೆನ್ನುತ್ತದೆ? ‘ಕಿಪೋಫು’. ಕಿವುಡನಿಗೆ ‘ಕಿಜಿವಿ’. ಕುಂಟನಿಗೆ ‘ಕಿವೇಟೆ’. ಎಲ್ಲರೂ ವಸ್ತುಗಳ ಸಾಲಿನಲ್ಲಿ ನಿಂತಿದ್ದಾರೆ. ಇದನ್ನು ಕಂಡು ಕೋಪಗೊಂಡವರು ಉಂಟು, ಕೋಪ ಸಹಜವೇ. ಆದರೂ ನ್ಯಾಯ ಹೇಳಬೇಕಾದರೆ ನಾಯಕನಿಗೂ ಸ್ವಾಹಿಲಿಯಲ್ಲಿ ‘ಕಿಯೊಂಗೋಜಿ’ ಎಂದೇ ಹೆಸರು, ತರುಣನಿಗೂ ‘ಕಿಜಾನಾ’. ಮೇಲಾಗಿ ನಾಮಪದ ವಸ್ತುವಿನ ಅಂಗಿ ತೊಟ್ಟರೂ ಅದರ ಕ್ರಿಯಾಪದ ಮನುಷ್ಯನದೇ ಆಗಿರುತ್ತದೆ. ಕುರುಡ ಬಂದನೆನ್ನುವಾಗ ಮನುಷ್ಯ ಬಂದಂತೆಯೇ ಹೇಳಬೇಕು, ಕುರ್ಚಿ ಬಂದಂತೆ ಅಲ್ಲ. ಕನ್ನಡದಲ್ಲಿ ಮಗು ‘ಬಂತು’ ಎನ್ನುವ ನಾವು ಆ ಮಗುವನ್ನು ವಸ್ತುವೆಂದು ಬಗೆದಿಲ್ಲವಷ್ಟೆ! ಪ್ರತ್ಯಯವೊಂದನ್ನೇ ಹಿಡಿದು ಒಂದು ಜನಾಂಗದ ಹೃದಯವನ್ನು ಓದಹೊರಡುವುದು ಅಪಾಯ.

ಹೀಗಿದ್ದರೂ ಅಲ್ಲಿಯ ಜನ ಸುಮ್ಮನಿರಲಿಲ್ಲ. ಅದೇ ಧಾತುವನ್ನು ಮನುಷ್ಯವರ್ಗಕ್ಕೆ ಏರಿಸಿ ‘ಮ್ಲೆಮಾವು’ ಎಂದರು. ಅದೂ ಸಾಲದೆಂದು ಈಗ ‘ವೈಕಲ್ಯವುಳ್ಳ ಮನುಷ್ಯ’ ಎಂಬರ್ಥದ ನುಡಿಗಟ್ಟನ್ನು ಬಳಸುತ್ತಾರೆ. ಅಂಗವಿಕಲ ಹೋಗಿ ವಿಕಲಚೇತನ, ಅದೂ ಹೋಗಿ ವಿಶೇಷಚೇತನ ಎಂದು ನಮ್ಮಲ್ಲಿ ನಡೆದಿರುವ ಪ್ರಯಾಣವೂ ಇಂಥದೇ. ಅಂಗಕ್ಕಿದ್ದ ವಿಕಲವನ್ನು ಚೇತನಕ್ಕೆ ಹಚ್ಚಿದ ನಡುವಿನ ಮಾತು ಸುಧಾರಣೆ ಹೇಗಾಯಿತೋ ನನಗೆ ತಿಳಿಯದು.

ದಕ್ಷಿಣದ ಬೋಟ್ಸ್ವಾನಾದಲ್ಲಿ ಇಂಥ ಮಗುವನ್ನು ‘ಂಫೊ ಯಾ ಮೊದಿಮೊ’ ಎನ್ನುವುದುಂಟು, ದೇವರ ಕೊಡುಗೆ. ನಾರ್ವೆಯ ವಿದುಷಿ ಬೆನೆಡಿಕ್ಟೆ ಇಂಗ್‌ಸ್ಟಾಡ್ ೧೯೮೦ರ ದಶಕದಲ್ಲಿ ಅಲ್ಲಿ ಕೆಲಸ ಮಾಡಿದರು. ಹಳ್ಳಿಗರು ವಿಕಲ ಮಕ್ಕಳನ್ನು ನಾಚಿಕೆಯಿಂದ ಗುಡಿಸಲಿನಲ್ಲಿ ಬಚ್ಚಿಡುತ್ತಾರೆ ಎಂಬುದು ಅಧಿಕಾರಿಗಳ ಬಾಯಲ್ಲೂ ಪರದೇಶದ ಸಂಸ್ಥೆಗಳ ಪತ್ರಗಳಲ್ಲೂ ಸಿದ್ಧವಾಕ್ಯವಾಗಿತ್ತು. ಇಂಗ್‌ಸ್ಟಾಡ್ ಮನೆಮನೆಗೆ ಹೋಗಿ ನೋಡಿದಾಗ ಕಂಡದ್ದು ಬೇರೆ. ಗಂಡಸರು ದಕ್ಷಿಣ ಆಫ್ರಿಕದ ಗಣಿಗಳಿಗೆ ಹೋಗಿದ್ದಾರೆ. ಎಳೆಯ ಹೆಂಗಸರು ಪಟ್ಟಣಕ್ಕೆ ಕೂಲಿಗೆ ಹೋಗಿದ್ದಾರೆ. ಊರೊಂದು ಕಡೆ, ಉಳುವ ಹೊಲ ಇನ್ನೊಂದು ಕಡೆ, ದನದ ಹಟ್ಟಿ ಮತ್ತೊಂದು ಕಡೆ. ಉಳಿದವಳು ಅಜ್ಜಿ. ಹೊಲಕ್ಕೆ ಹೊತ್ತುಕೊಂಡು ಹೋಗಲಾರದಷ್ಟು ದೊಡ್ಡದಾದ ಮಗುವನ್ನು ಅವಳು ಒಳಗೆ ಬಿಟ್ಟು ಬಾಗಿಲೆಳೆದುಕೊಂಡು ಹೋದರೆ, ಹೊರಗಿನಿಂದ ಬಂದವನಿಗೆ ಅದು ಬಚ್ಚಿಟ್ಟಂತೆ ಕಾಣುತ್ತದೆ. ಬೆಂಕಿಗೆ ಬೀಳದಿರಲೆಂದು ಮಾಡಿದ ಕೆಲಸ ನಾಚಿಕೆಯ ಕೆಲಸವೆಂದು ದಾಖಲಾಗುತ್ತದೆ. ಈ ಬಚ್ಚಿಡುವ ಕಥೆಯನ್ನು ಅವರು ೧೯೯೯ರ ಲೇಖನವೊಂದರಲ್ಲಿ ನೇರವಾಗಿ ಮಿಥ್ಯೆ ಎಂದೇ ಕರೆದರು. ಕೆನ್ಯಾದ ಮಸಾಯಿ ಜನರ ಬಗ್ಗೆ ಔಡ್ ಟಾಲೆ ಬರೆದ ಪ್ರಬಂಧದ ಶೀರ್ಷಿಕೆಯಲ್ಲಿಯೇ, ಮಗುವೆಂದರೆ ಮಗು ಎಂಬ ಮಾತಿದೆ.

ಹಾಗೆಂದು ಕತ್ತಲಿಲ್ಲವೆನ್ನಲಾಗದು. ಘಾನಾದ ಉತ್ತರದಲ್ಲಿ ಕಸೇನಾ ನಂಕಾನಾ ಜನರಿರುವ ಪ್ರದೇಶದಲ್ಲಿ ಕೆಲವು ಮಕ್ಕಳನ್ನು ‘ಚುಚುರು’, ಅಂದರೆ ಕಾಡಿನಿಂದ ಮನೆ ಹೊಕ್ಕ ಭೂತಶಿಶು ಎಂದು ಶಂಕಿಸುತ್ತಿದ್ದರು. ಹುಟ್ಟಿನಲ್ಲೇ ಊನವಿದ್ದರೆ, ಹೆರಿಗೆಯಲ್ಲಿ ತಾಯಿ ಸತ್ತರೆ, ಮಗು ಬೆಳೆಯದೆ ಸದಾ ಅಳುತ್ತಿದ್ದರೆ ಶಂಕೆ ಹುಟ್ಟುತ್ತಿತ್ತು. ಕಣಿ ಕೇಳಿ, ದೃಢವಾದರೆ, ಅದಕ್ಕೆಂದೇ ಇದ್ದವನೊಬ್ಬ ಬಂದು ಕಷಾಯ ಕುಡಿಸುತ್ತಿದ್ದ. ಈ ವಿಷಯದಲ್ಲಿ ೨೦೧೭ರಲ್ಲಿ ಪುಸ್ತಕ ಬರೆದ ಮಾನವಶಾಸ್ತ್ರಜ್ಞ ಆರನ್ ಡೆನ್‌ಹ್ಯಾಮ್ ಅವರು ಆ ಮನೆಗಳಲ್ಲಿ ಕುಳಿತು ಕೇಳಿದ್ದು ರೋಗ, ಹಸಿವು, ಆಸ್ಪತ್ರೆಯ ದೂರ, ತಿಂಗಳುಗಟ್ಟಲೆ ನಡೆಯುವ ಅನುಮಾನ, ತಾಯಿಯ ಒಪ್ಪದ ಮನಸ್ಸು. ಪತ್ರಿಕೆಗಳ ದಪ್ಪಕ್ಷರದಲ್ಲಿ ಬರುವ ರಾಕ್ಷಸರು ಅಲ್ಲಿರಲಿಲ್ಲ. ಕೃತ್ಯದ ಘೋರತೆ ಇದರಿಂದ ಕಡಮೆಯಾಗುವುದಿಲ್ಲ. ೨೦೧೩ರಲ್ಲಿ ಆ ಪ್ರದೇಶದ ಏಳು ಊರುಗಳ ಮುಖಂಡರು ಈ ಪದ್ಧತಿಯನ್ನು ನಿಲ್ಲಿಸಿದೆವೆಂದು ಬಹಿರಂಗವಾಗಿ ಸಾರಿದರು. ಹಿಂದೆ ಕಷಾಯ ಕೊಡುತ್ತಿದ್ದವರಿಗೆ ಅದೇ ಮಕ್ಕಳ ಪರವಾಗಿ ಊರೂರು ತಿರುಗಿ ಹೇಳುವ ಕೆಲಸವನ್ನು ಒಪ್ಪಿಸಲಾಯಿತು. ಟಾಂಜಾನಿಯಾದಲ್ಲಿ ಬಿಳಿಚರ್ಮದ ಮಕ್ಕಳ ಅಂಗಾಂಗಗಳನ್ನು ಮಾಟಕ್ಕಾಗಿ ಕಡಿದೊಯ್ದ ಕೃತ್ಯಗಳು ಬೇರೆ ಜಾತಿಯವು. ಹಳೆಯ ನಂಬಿಕೆಯ ಮೇಲೆ ಹೊಸ ಹಣದಾಸೆ ಕುಳಿತು ಮಾಡಿದ ಕೊಲೆಗಳವು; ೨೦೦೬ರ ಈಚೆಗೆ ಹೆಚ್ಚಾಗಿ ಬೆಳಕಿಗೆ ಬಂದವು. ಸುಮಾರು ೧,೪೦೦ ಜನರಲ್ಲಿ ಒಬ್ಬರು ಈ ವರ್ಣದಲ್ಲಿ ಹುಟ್ಟುವ ಆ ದೇಶದಲ್ಲಿ, ಎಷ್ಟೋ ಎಳೆಯರನ್ನು ರಕ್ಷಣೆಗೆಂದು ತಾಯಿತಂದೆಯರಿಂದ ಬಿಡಿಸಿ ವಸತಿಶಾಲೆಗಳಲ್ಲಿ ಇಡಬೇಕಾಯಿತು. ಆಫ್ರಿಕ ಒಕ್ಕೂಟವು ೨೦೧೮ರಲ್ಲಿ ಅಂಗೀಕರಿಸಿದ ವಿಕಲರ ಹಕ್ಕುಗಳ ಒಡಂಬಡಿಕೆ ಇಂಥ ಆಚರಣೆಗಳನ್ನು ಹೆಸರಿಸಿ ನಿಷೇಧಿಸುತ್ತದೆ. ಅದು ಜಾರಿಗೆ ಬಂದುದು ೨೦೨೪ರಲ್ಲಿ.

ಘಾನಾದ್ದೇ ಇನ್ನೊಂದು ಊರಿನ ಮಾತನ್ನು ಇಲ್ಲಿ ಹೇಳಬೇಕು. ರಾಜಧಾನಿ ಅಕ್ರಾಕ್ಕೆ ಹೆಚ್ಚು ದೂರವಲ್ಲದ ಅದಮೊರೊಬೆ ಎಂಬ ಹಳ್ಳಿಯಲ್ಲಿ ತಲೆಮಾರುಗಳಿಂದ ಕಿವುಡ ಮಕ್ಕಳು ಹುಟ್ಟುತ್ತ ಬಂದಿದ್ದಾರೆ. ಕಿವುಡು ವಂಶವಾಹಿಯಲ್ಲಿ ಬಂದದ್ದೆಂಬುದಕ್ಕೆ ೧೯೯೮ರಲ್ಲಿ ವೈದ್ಯಕೀಯ ಆಧಾರವೂ ದೊರೆಯಿತು. ಬೇರೆ ಊರುಗಳಲ್ಲಿ ಕಿವುಡ ಮಗುವೊಂದು ಕೇಳಬಲ್ಲ ತಾಯಿತಂದೆಯರಿಗೆ ಹುಟ್ಟಿದರೆ, ಭಾಷೆ ಕಲಿಯಬೇಕಾದ ಮೊದಲ ನಾಲ್ಕೈದು ವರ್ಷಗಳನ್ನು ಭಾಷೆಯೇ ಇಲ್ಲದೆ ಕಳೆಯುತ್ತದೆ. ಅದಮೊರೊಬೆಯ ಮಗುವಿಗೆ ಆ ಶೂನ್ಯವಿಲ್ಲ. ಅಲ್ಲಿ ಕೈಮಾತಿನ ಸ್ವತಂತ್ರ ಭಾಷೆಯೊಂದು ಬೆಳೆದಿದೆ. ಅದನ್ನು ಕಿವುಡರಷ್ಟೇ ಅಲ್ಲ, ಕೇಳಬಲ್ಲವರೂ ಬಲ್ಲರು. ತೊಟ್ಟಿಲ ಮಗು ಅಜ್ಜಿಯ ಕೈಯಲ್ಲಿ, ಅಂಗಡಿಯವಳ ಕೈಯಲ್ಲಿ, ಹೊಲದಿಂದ ಬರುವವರ ಕೈಯಲ್ಲಿ ಅದನ್ನು ಕಂಡು ಬೆಳೆಯುತ್ತದೆ. ವಿಕ್ಟೋರಿಯಾ ನಿಸ್ಟ್ ಅವರು ೨೦೦೭ರಲ್ಲಿ ಇದರ ವ್ಯಾಕರಣವನ್ನು ಗ್ರಂಥಸ್ಥಗೊಳಿಸಿದರು. ಸ್ವತಃ ಕಿವುಡರಾದ ಬೆಲ್ಜಿಯಂನ ಆನೆಲೀಸ್ ಕುಸ್ಟರ್ಸ್ ಅಲ್ಲಿ ತಿಂಗಳುಗಟ್ಟಲೆ ಇದ್ದು ೨೦೧೫ರಲ್ಲಿ ಪುಸ್ತಕ ಬರೆದರು. ಅವರ ಎಣಿಕೆಯಲ್ಲಿ ಸುಮಾರು ೩,೫೦೦ ಜನರ ಊರಿನಲ್ಲಿ ಕಿವುಡರು ೪೧.

ಆದರೆ ಈ ಊರನ್ನು ಸ್ವರ್ಗವೆಂದು ಬಣ್ಣಿಸಿದ ಲೇಖಕರು ಅಲ್ಲಿಯ ಇನ್ನೊಂದು ನಿಯಮವನ್ನು ಹೇಳಲು ಮರೆಯುತ್ತಾರೆ. ೧೯೭೫ರಲ್ಲಿ ಊರ ಮುಖ್ಯಸ್ಥ, ಕಿವುಡರು ಕಿವುಡರನ್ನು ಮದುವೆಯಾಗಕೂಡದೆಂದು ಕಟ್ಟು ಮಾಡಿದ. ಕಿವುಡ ಮಕ್ಕಳ ಸಂಖ್ಯೆ ಇಳಿಯಿತು. ಇದಕ್ಕೆ ಸೇರಿಕೊಂಡದ್ದು ಶಾಲೆ. ಆ ಶಾಲೆಯ ಹಿಂದೆ ಒಬ್ಬ ಮಹನೀಯರಿದ್ದಾರೆ. ಹನ್ನೊಂದನೆಯ ವಯಸ್ಸಿನಲ್ಲಿ ಮಿದುಳುಪೊರೆಯ ಜ್ವರದಿಂದ ಕಿವಿ ಕಳೆದುಕೊಂಡ ಅಮೆರಿಕದ ಕಪ್ಪು ಜನಾಂಗದ ಆಂಡ್ರೂ ಫಾಸ್ಟರ್, ೧೯೫೭ರಲ್ಲಿ ಸ್ವತಂತ್ರವಾದ ಘಾನಾಕ್ಕೆ ಅದೇ ವರ್ಷ ಬಂದು ಅಕ್ರಾದಲ್ಲಿ ಕಿವುಡ ಮಕ್ಕಳ ಶಾಲೆ ತೆರೆದರು. ೧೯೮೭ರ ಡಿಸೆಂಬರಿನಲ್ಲಿ ರುವಾಂಡಾದಲ್ಲಿ ವಿಮಾನಾಪಘಾತಕ್ಕೆ ತುತ್ತಾಗುವವರೆಗೆ ಹದಿಮೂರು ಆಫ್ರಿಕ ದೇಶಗಳಲ್ಲಿ ಮೂವತ್ತಕ್ಕೂ ಹೆಚ್ಚು ಶಾಲೆಗಳನ್ನು ಕಟ್ಟಿದರು. ಎಷ್ಟು ಮಕ್ಕಳಿಗೆ ಅವರು ಮೊದಲ ಮಾತನ್ನು ಕೊಟ್ಟರೋ ಲೆಕ್ಕವಿಲ್ಲ. ಕೊಟ್ಟ ಮಾತು ಅಮೆರಿಕದ ಕೈಭಾಷೆಯಾಗಿತ್ತು. ಮೂಕತನದಲ್ಲಿದ್ದ ಮಕ್ಕಳಿಗೆ ಅದು ಅಮೃತ. ಅದಮೊರೊಬೆಯ ಮಕ್ಕಳು ಮಾತ್ರ ಮಾಂಪೊಂಗಿನ ವಸತಿಶಾಲೆಗೆ ಹೋಗಿ, ರಜೆಗೆ ಊರಿಗೆ ಬಂದಾಗ ತಮ್ಮತಮ್ಮಲ್ಲಿ ಶಾಲೆಯ ಕೈಮಾತನ್ನೇ ಆಡುತ್ತಾರೆ. ಅಜ್ಜಿಯ ಕೈಮಾತು ಮೆಲ್ಲಗೆ ಹಿಂದೆ ಸರಿಯುತ್ತಿದೆ. ಇಂಗ್ಲಿಷ್ ಶಾಲೆಯಿಂದ ಮನೆಗೆ ಬರುವ ಮಕ್ಕಳನ್ನು ಬಲ್ಲ ಕನ್ನಡದ ಉಪಾಧ್ಯಾಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಂಬಿಕೆಯ ಮಾತೇ ಬಹಳವಾಯಿತು. ಆಫ್ರಿಕದ ಎಷ್ಟೋ ಹಳ್ಳಿಗಳಲ್ಲಿ ಎಳೆಯ ಮಕ್ಕಳನ್ನು ವಿಕಲಗೊಳಿಸುತ್ತಿರುವುದು ದೇವರೂ ಅಲ್ಲ, ಮಾಟವೂ ಅಲ್ಲ, ಅಡಿಗೆಮನೆಯಲ್ಲಿ ತೀರಿಹೋದ ಸಮಯ. ಕಾಂಗೋದ ಕ್ವಾಂಗೊ ಸೀಮೆಯಲ್ಲಿ ‘ಕೊಂಜೊ’ ಎಂಬ ರೋಗವಿದೆ. ೧೯೩೮ರಲ್ಲಿ ಟ್ರೋಲಿ ಎಂಬ ವೈದ್ಯನು ಮೊದಲಿಗೆ ವರ್ಣಿಸಿದ. ಯಾಕಾ ಭಾಷೆಯಲ್ಲಿ ಆ ಮಾತಿಗೆ ಕಟ್ಟಿಹಾಕಿದ ಕಾಲುಗಳು ಎಂದು ಅರ್ಥ. ನಿನ್ನೆ ಓಡಾಡಿದ ಮಗು ಇಂದು ಏಳುವಾಗ ಕಾಲುಗಳು ಸೆಟೆದು ಬಿಗಿದಿರುತ್ತವೆ, ಮತ್ತೆ ಸಡಿಲುವುದಿಲ್ಲ. ಮೂರು ವರ್ಷ ದಾಟಿದ ಮಕ್ಕಳಿಗೂ ಹೆರುವ ವಯಸ್ಸಿನ ಹೆಂಗಸರಿಗೂ ಹೆಚ್ಚು. ಕಾರಣ ಕಹಿ ಮರಗೆಣಸು. ಅದರಲ್ಲಿ ಸಯನೈಡು ಹುಟ್ಟಿಸುವ ವಸ್ತುವಿದೆ. ಅದನ್ನು ಮೂರು ದಿನ ನೀರಿನಲ್ಲಿ ನೆನೆಹಾಕಿ, ಒಣಗಿಸಿ, ಕುಟ್ಟಿದರೆ ವಿಷ ಹೋಗುತ್ತದೆಂಬುದು ಆ ಹೆಂಗಸರಿಗೆ ಚೆನ್ನಾಗಿ ಗೊತ್ತು. ಬರ ಬಿದ್ದಾಗ, ಯುದ್ಧ ಬಂದಾಗ, ಪಟ್ಟಣದ ವ್ಯಾಪಾರಿ ಬೇಗ ಬೇಕೆಂದಾಗ, ಮನೆಯಲ್ಲಿ ಬೇರೇನೂ ಇಲ್ಲದಾಗ ಮೂರು ದಿನ ಒಂದು ದಿನವಾಗುತ್ತದೆ. ಬೇಳೆ, ಮೀನು, ಮಾಂಸವಿದ್ದಿದ್ದರೆ ದೇಹವೇ ಆ ವಿಷವನ್ನು ಬಹುಮಟ್ಟಿಗೆ ಅರಗಿಸುತ್ತಿತ್ತು, ಅವೂ ಇಲ್ಲ. ೧೯೮೧ರ ಬರಗಾಲದಲ್ಲಿ ಮೊಜಾಂಬಿಕ್ ದೇಶದ ನಂಪುಲಾ ಪ್ರಾಂತವೊಂದರಲ್ಲೇ ಸಾವಿರಕ್ಕೂ ಮಿಕ್ಕಿ ಜನರ ಕಾಲು ಹೀಗೆ ಬಿಗಿಯಿತು. ಇಥಿಯೋಪಿಯಾದಲ್ಲಿ ಇದೇ ಕೆಲಸವನ್ನು ಮಾಡಿದ್ದು ನಮ್ಮ ದೇಶಕ್ಕೂ ಪರಿಚಿತವಾದ ಕೇಸರಿ ಬೇಳೆ.

ಪರಿಹಾರ ಆಶ್ಚರ್ಯವಾಗುವಷ್ಟು ಸಣ್ಣದು. ಆಸ್ಟ್ರೇಲಿಯದ ರಸಾಯನಶಾಸ್ತ್ರಜ್ಞ ಹೊವಾರ್ಡ್ ಬ್ರಾಡ್‌ಬರಿ ತ
ೋರಿಸಿಕೊಟ್ಟದ್ದು ಇಷ್ಟೆ: ಕುಟ್ಟಿದ ಹಿಟ್ಟಿಗೆ ನೀರು ಕಲಸಿ, ಚಾಪೆಯ ಮೇಲೆ ತೆಳ್ಳಗೆ ಹರಡಿ, ಬಿಸಿಲಿನಲ್ಲಿ ಎರಡು ಗಂಟೆ ಅಥವಾ ನೆರಳಿನಲ್ಲಿ ಐದು ಗಂಟೆ ಬಿಟ್ಟರೆ ವಿಷ ಆವಿಯಾಗಿ ಹೊರಟುಹೋಗುತ್ತದೆ. ಆ ಸಂಜೆಯೇ ಅದರಿಂದ ಮುದ್ದೆ ಮಾಡಬಹುದು. ೨೦೧೦ರಲ್ಲಿ ಕ್ವಾಂಗೊದ ಕೇ ಕಲೆಂಗೆ ಎಂಬ ಹಳ್ಳಿಯಲ್ಲಿ ಹೆಂಗಸರಿಗೆ ಇದನ್ನು ಕಲಿಸಿದರು. ಅವರು ಒಪ್ಪಿಕೊಂಡರು, ನೆರೆಯ ಹಳ್ಳಿಗಳಿಗೂ ಹೇಳಿದರು. ಮುದ್ದೆಯ ರುಚಿ ಮೊದಲಿಗಿಂತ ಚೆನ್ನಾಗಿದೆ ಎಂಬುದೂ ಅವರ ತೀರ್ಪು.

ಪೋಲಿಯೋ ಕಥೆ ಪ್ರಸಿದ್ಧವಾದುದು. ೧೯೯೬ರಲ್ಲಿ ನೆಲ್ಸನ್ ಮಂಡೇಲಾ ಅದನ್ನು ಖಂಡದಿಂದ ಓಡಿಸುವ ಆಂದೋಲನಕ್ಕೆ ನಾಂದಿ ಹಾಡಿದಾಗ ವರ್ಷಕ್ಕೆ ಸುಮಾರು ೭೫,೦೦೦ ಮಕ್ಕಳ ಅಂಗ ಬೀಳುತ್ತಿತ್ತು. ೨೦೨೦ರ ಆಗಸ್ಟ್ ೨೫ರಂದು ಆ ಪ್ರದೇಶದಲ್ಲಿ ಸಹಜ ಪೋಲಿಯೋ ವೈರಾಣು ಇಲ್ಲವೆಂದು ಘೋಷಣೆಯಾಯಿತು. ಆಮೇಲೆ ಹೊರಗಿನಿಂದ ಬಂದ ವೈರಾಣು ಮಲಾವಿ, ಮೊಜಾಂಬಿಕ್‌ಗಳಲ್ಲಿ ಕೆಲವು ಮಕ್ಕಳನ್ನು ಹಿಡಿದದ್ದೂ ನಿಜ.

ಪೋಲಿಯೋ ಹಿಂದೆ ಸರಿದ ಹಾಗೆ ಮುಂದೆ ಬಂದಿರುವುದು ಸೆರೆಬ್ರಲ್ ಪಾಲ್ಸಿ. ಎಳೆಯ ಮಿದುಳಿಗೆ ಪೆಟ್ಟು ಬಿದ್ದು ಅಂಗಚಲನೆ ಕೆಡುವ ಸ್ಥಿತಿ. ಇದರ ಗುರುತನ್ನು ಮೊದಲು ಹಿಡಿಯುವವಳು ತಾಯಿ. ಕೆನ್ಯಾದ ಕಿಪ್ಸಿಗಿಸ್ ಜನರ ಕೊಕ್ವೆಟ್ ಎಂಬ ಊರಿನಲ್ಲಿ ಚಾರ್ಲ್ಸ್ ಸೂಪರ್ ನಡೆಸಿ ೧೯೭೬ರಲ್ಲಿ ಪ್ರಕಟಿಸಿದ ಅಭ್ಯಾಸದಲ್ಲಿ ಒಂದು ಸುಂದರ ವಿವರವಿದೆ. ಅಲ್ಲಿಯ ಶಿಶುಗಳು ಅಮೆರಿಕದ ಶಿಶುಗಳಿಗಿಂತ ಸುಮಾರು ಒಂದು ತಿಂಗಳು ಮೊದಲೇ ಕೂರುತ್ತವೆ, ನಡೆಯುತ್ತವೆ. ಆಫ್ರಿಕದ ಮಕ್ಕಳು ಹುಟ್ಟಿನಿಂದಲೇ ಚುರುಕು ಎಂದು ಹಿಂದಿನವರು ಬರೆದಿದ್ದರು. ಸೂಪರ್ ಕಂಡದ್ದು ಬೇರೆ: ಐದಾರು ತಿಂಗಳಲ್ಲಿ ತಾಯಿ ನೆಲದಲ್ಲಿ ಒಂದು ಪುಟ್ಟ ಕುಳಿ ತೋಡಿ, ಸುತ್ತ ಕಂಬಳಿಯ ಸುರುಳಿಗಳನ್ನಿಟ್ಟು, ಬೆನ್ನಿಗೆ ಆಸರೆ ಸಿಗುವಂತೆ ಮಗುವನ್ನು ಅದರಲ್ಲಿ ಕೂರಿಸಿ ಕೂರುವುದನ್ನು ಕಲಿಸುತ್ತಾಳೆ. ಈ ಕಲಿಸುವಿಕೆಗೇ ಆ ಭಾಷೆಯಲ್ಲಿ ಬೇರೆ ಪದವಿದೆ. ಕಲಿಸದೆ ಬಿಟ್ಟ ಅಂಬೆಗಾಲಿನಲ್ಲಿ ಅವರ ಮಕ್ಕಳು ಮುಂದಿಲ್ಲ. ಹೀಗೆ ಕುಳಿ ತೋಡಿ ಕೂರಿಸುವ ತಾಯಿಗೆ, ಬೆನ್ನು ನಿಲ್ಲದ ಮಗು ಯಾವುದೆಂದು ಆರನೆಯ ತಿಂಗಳಿಗೇ ಕೈಗೆ ತಿಳಿದಿರುತ್ತದೆ. ತಿಳಿದದ್ದನ್ನು ಹೇಳಿಕೊಳ್ಳಲು ಯಾರಿದ್ದಾರೆ ಎಂಬುದೇ ತೊಡಕು. ಆಸ್ಪತ್ರೆಗೆ ಹೋದರೆ ಅಲ್ಲಿಯ ಪರೀಕ್ಷೆ, ಮಗು ಮೆಟ್ಟಿಲು ಹತ್ತುತ್ತದೆಯೇ, ಗುಂಡಿ ಹಾಕಿಕೊಳ್ಳುತ್ತದೆಯೇ, ಮುಳ್ಳುಚಮಚ ಹಿಡಿಯುತ್ತದೆಯೇ ಎಂದು ಕೇಳುತ್ತಿತ್ತು. ಹಳ್ಳಿಯಲ್ಲಿ ಮೆಟ್ಟಿಲೂ ಇಲ್ಲ, ಚಮಚವೂ ಇಲ್ಲ. ಮಲಾವಿಯಲ್ಲಿ ಮೆಲಿಸಾ ಗ್ಲ್ಯಾಡ್‌ಸ್ಟನ್ ಮತ್ತು ಸಂಗಡಿಗರು ೧,೪೨೬ ಮಕ್ಕಳನ್ನು ನೋಡಿ, ಅಲ್ಲಿಯ ಮನೆಯಂಗಳಕ್ಕೆ ಒಗ್ಗುವ ೧೩೬ ಅಂಶಗಳ ಅಳತೆಯೊಂದನ್ನು ರಚಿಸಿ ೨೦೧೦ರಲ್ಲಿ ಪ್ರಕಟಿಸಿದರು. ಈಗ ಅದು ಇತರ ಆಫ್ರಿಕ ದೇಶಗಳಲ್ಲೂ ಬಳಕೆಯಲ್ಲಿದೆ.

ಗುರುತು ಹಿಡಿದರೆ ಸಾಲದು. ಉಗಾಂಡಾದ ಇಗಾಂಗಾ ಮಯೂಗೆ ಸೀಮೆಯ ಹಳ್ಳಿಗಳಲ್ಲಿ ನಡೆದ ಸಮೀಕ್ಷೆ ೨೦೧೭ರಲ್ಲಿ ಪ್ರಕಟವಾಯಿತು: ಸಾವಿರ ಮಕ್ಕಳಿಗೆ ಸುಮಾರು ಮೂವರಿಗೆ ಈ ಸ್ಥಿತಿ, ಅವರಲ್ಲಿ ನಾಲ್ಕರಲ್ಲೊಂದು ಪಾಲಿನವರಿಗೆ ಪೆಟ್ಟು ಬಿದ್ದದ್ದು ಹೆರಿಗೆಯ ಕಾಲದಲ್ಲಲ್ಲ, ಆಮೇಲೆ, ಮಲೇರಿಯಾದಂಥ ಜ್ವರ ಮಿದುಳಿಗೇರಿ. ಅದೇ ಮಕ್ಕಳನ್ನು ಕೆಲವು ವರ್ಷ ಅನುಸರಿಸಿ ೨೦೨೦ರಲ್ಲಿ ಬಂದ ವರದಿ ಓದಲು ಕಷ್ಟವಾಗುತ್ತದೆ. ಓರಗೆಯ ಮಕ್ಕಳಿಗಿಂತ ಇವರ ಸಾವಿನ ಪ್ರಮಾಣ ೨೫ ಪಟ್ಟು. ಯಾರೂ ಕೊಂದದ್ದಲ್ಲ. ನುಂಗಲಾರದ ಬಾಯಿಗೆ ಮಲಗಿಸಿ ಉಣಿಸಿದ ಗಂಜಿ ಶ್ವಾಸಕ್ಕೆ ಹೋಗುವುದು, ಉಣಿಸಲು ಗಂಟೆ ಹಿಡಿಯುವುದರಿಂದ ಊಟ ಅರೆಯಾಗುವುದು, ಕೃಶವಾದ ಮೈಗೆ ಜ್ವರ ಬರುವುದು. ಇಂಥ ಮಕ್ಕಳ ತಾಯಂದಿರನ್ನು ಗುಂಪಾಗಿ ಕೂರಿಸಿ, ನೆಟ್ಟಗೆ ಕೂರಿಸಿ ಉಣಿಸುವ ಬಗೆಯನ್ನು ಕಲಿಸುವ ಕೂಟಗಳು ಉಗಾಂಡಾ, ಘಾನಾ ಮುಂತಾದೆಡೆ ನಡೆಯುತ್ತಿವೆ. ತಾಯಂದಿರು ಅಲ್ಲಿ ಕಲಿತದ್ದಕ್ಕಿಂತ, ಇಂಥ ಮಗುವನ್ನು ಹೆತ್ತವಳು ತಾನೊಬ್ಬಳೇ ಅಲ್ಲವೆಂದು ಕಂಡದ್ದೇ ದೊಡ್ಡದಾಗಿರಬೇಕು.

ನೆಟ್ಟಗೆ ಕೂರಿಸಲು ಕುರ್ಚಿ ಬೇಕು. ಪರದೇಶದಿಂದ ಬರುವ ಕುರ್ಚಿಯ ಬೆಲೆ ಕೇಳುವಂತಿಲ್ಲ. ಝಿಂಬಾಬ್ವೆಯಲ್ಲಿ ಬೆವಿಲ್ ಪ್ಯಾಕರ್ ಎಂಬ ಉಪಾಧ್ಯಾಯರು ಇದಕ್ಕೆ ಕಂಡುಕೊಂಡ ದಾರಿ ರದ್ದಿ ಕಾಗದ. ಹಳೆಯ ಪತ್ರಿಕೆ, ರಟ್ಟಿನ ಪೆಟ್ಟಿಗೆ, ಹಿಟ್ಟಿನ ಅಂಟು. ಕಾಗದದ ಮೇಲೆ ಕಾಗದ ಪದರ ಪದರವಾಗಿ ಅಂಟಿಸಿ, ಒತ್ತಿ, ಬಿಸಿಲಿನಲ್ಲಿ ಒಣಗಿಸಿದರೆ ಮರದಷ್ಟು ಗಟ್ಟಿಯಾಗುತ್ತದೆ; ದೊಡ್ಡವರ ಭಾರವನ್ನೂ ತಡೆಯುತ್ತದೆ. ೧೯೯೫ರಲ್ಲಿ ಅವರು ಇದಕ್ಕೊಂದು ಕೈಪಿಡಿಯನ್ನೂ ಬರೆದರು. ಕುರ್ಚಿಯನ್ನು ಆಯಾ ಮಗುವಿನ ಮೈಯಳತೆಗೆ ಮಾಡುತ್ತಾರೆ. ಸೊಂಟ ವಾಲುವ ಕಡೆ ಒತ್ತು, ತಲೆ ಬೀಳುವ ಕಡೆ ದಿಂಬಿನಂಥ ಏರು, ಮುಂದೆ ಕೈಯಿಡಲು ಒಂದು ಹಲಗೆ. ಮಗು ಬೆಳೆದರೆ ಇನ್ನೊಂದು ಮಾಡಿದರಾಯಿತು; ಹಳೆಯ ಪತ್ರಿಕೆಗೆ ಎಲ್ಲಿಯೂ ಬರವಿಲ್ಲ. ಒಣಹಾಕಿದ ಜೋಳದ ಚಾಪೆಯ ಕಡೆಗೆ ಮುಖಮಾಡಿ ಆ ಕುರ್ಚಿಯನ್ನು ಅಂಗಳದಲ್ಲಿಟ್ಟರೆ ತಾಯಿಯ ಬೆನ್ನೂ ಎರಡು ಕೈಗಳೂ ಬಿಡುವಾಗುತ್ತವೆ. ಕೋಳಿಗಳು ಚಾಪೆಯ ಮೇಲೆ ಬಂದಾಗ ಕೂಗಿ ಓಡಿಸುವುದಕ್ಕೆ ಅಂಗಳದಲ್ಲಿ ಒಬ್ಬರಿರುತ್ತಾರೆ.